ಚಿಕ್ಕವಳ ಎಡಗೈ

ಬೆರಳು ಮಾಡುವವನು ನನ್ನ ಕೈ ಹಿಡಿದುಕೊಂಡೇ ನನ್ನ ವಾರಗಿತ್ತಿಯ ಕೈಯನ್ನು ನೋಡುತ್ತಿದ್ದಾನೆಂದು ನನಗೆ ತಕ್ಷಣ ಗೊತ್ತಾಯಿತು. ಆ ನೋಟದ ಪರಿಚಯ ನನಗೆ ಮೂವತ್ತೆಂಟು ವರ್ಷದ್ದು. ಮನೆಗೆ ಬಂದವರು ನನ್ನ ಜೊತೆ ಮಾತಾಡುತ್ತಲೇ, ಲೋಟ ತಂದಿಡುವ ಅವಳ ಕೈಯ ಹಿಂದೆ ಕಣ್ಣು ಕಳಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಅದು ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆ. ಗೋಡೆಯ ಉದ್ದಕ್ಕೂ ಕಪಾಟು, ಕಪಾಟಿನಲ್ಲಿ ಹತ್ತಿ ಹಾಸಿದ ಡಬ್ಬಿಗಳು, ಡಬ್ಬಿಗಳಲ್ಲಿ ಕಿವಿ, ಮೂಗು, ಹೆಬ್ಬೆರಳು. ಒಂದು ಸಣ್ಣ ಡ್ರಾಯರಿನ ತುಂಬ ಬರೀ ಉಗುರು, ಗುಂಡಿ ಅಂಗಡಿಯ ಹಾಗೆ ಅಳತೆ ಪ್ರಕಾರ ಜೋಡಿಸಿದ್ದು. ಅಲ್ಲಿ ಕೆಲಸ ಮಾಡುವವನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಬೆರಳು ಮೇಷ್ಟ್ರು ಅನ್ನುತ್ತಿದ್ದರು. ಐವತ್ತು ದಾಟಿದ ಸಣಕಲು ಮನುಷ್ಯ. ಬಂದವರು ಕೂರುವ ಕುರ್ಚಿಯನ್ನು ಅವನು ಬಾಗಿಲಿಗೆ ಬೆನ್ನು ಮಾಡಿ ಇಟ್ಟಿದ್ದ. ಓಡಾಡುವವರು ಇಣುಕಿದರೆ ಕುಳಿತವರಿಗೆ ಗೊತ್ತಾಗಬಾರದೆಂದು ಹಾಗೆ ಇಟ್ಟಿದ್ದನೆಂದು ನನಗೆ ಮೂರನೆಯ ಭೇಟಿಯಲ್ಲಿ ಹೊಳೆಯಿತು.

ಹಿಂದಿನ ವರ್ಷ ಶಾಲೆಯ ಜಾರುವ ಕಬ್ಬಿಣದ ಗೇಟಿಗೆ ನನ್ನ ಎಡಗೈ ಸಿಕ್ಕಿ ನಡುವಿನ ಮೂರು ಬೆರಳು ಹೋಗಿದ್ದವು. ಒಂದೊಂದು ಗೆಣ್ಣಿನಷ್ಟು ಮೊಂಡು ಉಳಿದಿತ್ತು. ಆ ಕಡೆ ಹೆಬ್ಬೆರಳು, ಈ ಕಡೆ ಕಿರುಬೆರಳು, ನಡುವೆ ಬಯಲು. ಮೂವತ್ತೊಂದು ವರ್ಷ ಹುಡುಗಿಯರ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ನಿವೃತ್ತಿಯಾದ ಮೇಲೂ ವಾರಕ್ಕೆರಡು ಮಧ್ಯಾಹ್ನ ಅದೇ ಶಾಲೆಗೆ ಹೋಗಿ ಪಾಠ ಮಾಡುತ್ತಿದ್ದೆ. ಗಾಯ ಮಾಗಿದ ಮೇಲೆ ಮೊದಲ ದಿನ ಹೋದಾಗ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ಏನೂ ಹೇಳದೆ, ಇಡೀ ತರಗತಿ ಮುಗಿಯುವವರೆಗೆ ನನ್ನ ಪುಸ್ತಕ ಹಿಡಿದು ನಿಂತಳು. ಮಕ್ಕಳೆಲ್ಲ ಹಲಗೆ ನೋಡದೆ ನಮ್ಮಿಬ್ಬರನ್ನೇ ನೋಡಿದರು. ಆ ಮಗುವಿನ ಒಳ್ಳೆಯತನವನ್ನು ನಾನು ಮರೆತಿಲ್ಲ. ಆದರೆ ಮತ್ತೆ ಶಾಲೆಗೆ ಹೋಗಲಿಲ್ಲ.

ಮತ್ತೆ ಹೋಗಬೇಕೆಂಬುದು ಮಾತ್ರ ಹಗಲೂ ರಾತ್ರಿ ಕೊರೆಯುತ್ತಿತ್ತು. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಸೀಮೆಸುಣ್ಣ, ಮಕ್ಕಳ ಕಣ್ಣು ಹಲಗೆಯ ಮೇಲೆ. ಇಷ್ಟು ಸಿಕ್ಕರೆ ಸಾಕಿತ್ತು ನನಗೆ.

"ರಬ್ಬರ್ ಬೆರಳು ಮಡಚಲ್ಲ, ಹಿಡಿಯಲ್ಲ," ಎಂದಿದ್ದ ಬೆರಳು ಮೇಷ್ಟ್ರು. "ಆದ್ರೆ ಪುಸ್ತಕಕ್ಕೆ ಹಿಂದಿನಿಂದ ಆಸರೆ ಕೊಡುತ್ತೆ. ಎರಡಡಿ ದೂರದಲ್ಲಿ ನಿಂತವರಿಗೆ ಗೊತ್ತಾಗಲ್ಲ. ಅದು ನನ್ನ ಜವಾಬ್ದಾರಿ."

ಅಚ್ಚಿಗೆ ಮಾತ್ರ ಒಂದು ಎಡಗೈ ಬೇಕಿತ್ತು. ನನ್ನ ಬಲಗೈ ಬೆರಳುಗಳ ಗೆಣ್ಣು ಸಂಧಿವಾತದಿಂದ ಊದಿ ಶುಂಠಿಯ ಹಾಗಾಗಿವೆ. ಅವುಗಳ ಪಡಿಯಚ್ಚು ತೆಗೆದು ಎಡಗೈಗೆ ಕೂರಿಸಿದರೆ ಮತ್ತೊಂದು ಶುಂಠಿ. ಹೆಚ್ಚುಕಡಿಮೆ ನನ್ನ ವಯಸ್ಸಿನ, ನನ್ನ ಅಳತೆಯ ಹೆಂಗಸಿನ ಕೈ ಇದ್ದರೆ ತನ್ನಿ ಎಂದಿದ್ದ. ಮಗಳಿಗೆ ಬಂದಿರುವುದು ಅವರಪ್ಪನ ಕೈ, ಬಾಗಿಲು ತಟ್ಟಿದರೆ ಬಾಗಿಲೇ ಬರುವಂಥದ್ದು. ಅಕ್ಕತಂಗಿಯರು ನನಗಿಲ್ಲ. ಆ ದಿನ ವಾರಗಿತ್ತಿ ಬಂದಿದ್ದು ಬರೀ ಜೊತೆಗೆ, ಬಸ್ಸಿನಲ್ಲಿ ನನ್ನ ಚೀಲ ಹಿಡಿದುಕೊಳ್ಳಲು.

"ಅಮ್ಮ, ನಿಮ್ಮ ಎಡಗೈ ಸ್ವಲ್ಪ ಇಲ್ಲಿ ಇಡಿ," ಎಂದ ಅವಳಿಗೆ.

ಅವಳು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. "ನಂದ್ಯಾಕೆ? ನಾನು ಚೀಲ ಹಿಡಿಯೋಕೆ ಬಂದವಳು."

"ಅಳತೆ ನೋಡ್ತೀನಿ ಅಷ್ಟೆ."

ಜೇಬಿನಲ್ಲೇ ಕರವಸ್ತ್ರಕ್ಕೆ ಒರೆಸಿ ಕೈ ಇಟ್ಟಳು. ಅವನು ದಾರ ಸುತ್ತಿ ಅಳೆದ. ನನ್ನ ಹಳೆಯ ಉಂಗುರದ ಅಳತೆಗೂ ಅವಳ ಬೆರಳಿಗೂ ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ.

"ಇದೇ," ಎಂದ ಬೆರಳು ಮೇಷ್ಟ್ರು.

ನನಗೆ ಬಿಸಿ ಕಬ್ಬಿಣ ಮುಟ್ಟಿದಂತಾಯಿತು.

ನಾನು ಹೊಟ್ಟೆಕಿಚ್ಚಿನವಳು. ಮೃದು ಸ್ವಭಾವ, ಗಟ್ಟಿಯಾಗಿ ಮಾತಾಡಲ್ಲ ಎಂದು ನೆಂಟರು ನನ್ನ ಬಗ್ಗೆ ಹೇಳುತ್ತಾರೆ. ಗಟ್ಟಿಯಾಗಿ ಮಾತಾಡದವರ ಹೊಟ್ಟೆ ತಣ್ಣಗಿರುತ್ತದೆಂದು ಯಾರು ಹೇಳಿದರೋ ಕಾಣೆ. ನಾನು ಮದುವೆಯಾಗಿ ಬಂದ ಎರಡು ವರ್ಷಕ್ಕೆ ಮೈದುನನ ಹೆಂಡತಿಯಾಗಿ ಇವಳು ಬಂದಳು. ಬಂದ ವಾರದಲ್ಲೇ ಮಾವ ಅವಳಿಗೆ ಬೆಣ್ಣೆಕೈ ಎಂದು ಹೆಸರಿಟ್ಟರು. ನಾನು ಆ ಮನೆಗೆ ಪದವಿ ಪಡೆದುಕೊಂಡು ಬಂದಿದ್ದೆ. ನನಗೆ ಯಾರೂ ಹೆಸರಿಡಲಿಲ್ಲ. ಬೀದಿಯ ಫೋಟೋದವನು ಅವಳ ಕೈಗೊಂದು ಗಡಿಯಾರ ಕಟ್ಟಿ ಫೋಟೋ ತೆಗೆದ; ಅದು ಮೂಲೆಯ ಗಡಿಯಾರದಂಗಡಿಯ ಗಾಜಿನ ಹಿಂದೆ ಹನ್ನೊಂದು ವರ್ಷ ನಿಂತಿತ್ತು. ಆ ಹನ್ನೊಂದು ವರ್ಷವೂ ನಾನು ಶಾಲೆಗೆ ಎದುರು ಬದಿಯಿಂದ ನಡೆದೆ. ನಮ್ಮವರು ಒಮ್ಮೆ, ಏನೂ ಯೋಚಿಸದೆ, "ಅವಳು ಬಟ್ಟಲು ಹಿಡಿಯೋದು ನೋಡು, ಹೂ ಹಿಡಿದ ಹಾಗೆ," ಎಂದಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು. ಎಷ್ಟೋ ಒಳ್ಳೆಯ ಮಾತು ಮರೆತುಹೋಗಿವೆ, ಇದೊಂದು ಹಾಗೇ ಇದೆ.

ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಅತ್ತೆಯ ಕೊನೆಯ ಜ್ವರ. ಹದಿನೇಳು ದಿನ ನಾನು ರಜೆ ಹಾಕಿ ಅವರ ಮಗ್ಗುಲಲ್ಲಿ ಕೂತೆ. ಔಷಧ ಕೊಟ್ಟೆ, ಬೆನ್ನು ಒರೆಸಿದೆ. ಅವರು ಕಣ್ಣು ಬಿಟ್ಟಾಗಲೆಲ್ಲ ಕೇಳಿದ್ದು, "ಚಿಕ್ಕವಳನ್ನ ಕರಿ. ಅವಳ ಕೈ ಹಣೆ ಮೇಲಿಟ್ರೆ ತಣ್ಣಗಿರುತ್ತೆ. ನಿಂದು ಒಣ ಕೈ."

ಅಂಥವಳ ಬೆರಳನ್ನು ನಾನು ಹಾಕಿಕೊಂಡು ತಿರುಗಬೇಕು.

ಇಷ್ಟಾಗಿಯೂ ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಈಗ ನಾವು ಒಂದೇ ಮನೆಯ ಕೆಳಗೆ ಮೇಲೆ ಇದ್ದೇವೆ. ಕೈ ಹೋದ ಮೇಲೆ ನನ್ನ ರವಿಕೆಗಳ ಗುಂಡಿಗಳೆಲ್ಲ ಒಂದೊಂದಾಗಿ ಒತ್ತುಗುಂಡಿಗಳಾದವು. ಒಗೆದ ಬಟ್ಟೆ ಮಡಚಿ ತರುವಾಗ ಅವಳೇ ಹೊಲಿದಿರುತ್ತಿದ್ದಳು, ಹೇಳುತ್ತಿರಲಿಲ್ಲ. ನನ್ನ ಅಡುಗೆಮನೆಯ ಡಬ್ಬಿಗಳ ಮುಚ್ಚಳಗಳೆಲ್ಲ ಅರ್ಧ ಸಡಿಲವಾಗಿರುತ್ತಿದ್ದವು. ಇದನ್ನೆಲ್ಲ ನಾನು ಗಮನಿಸುತ್ತಿದ್ದೆ. ಗಮನಿಸಿ, ಇಷ್ಟು ಒಳ್ಳೆಯತನವೂ ಇವಳ ಪಾಲಿಗೇ ಬರಬೇಕಿತ್ತೇ ಎಂದು ಅದಕ್ಕೂ ಉರಿದುಕೊಳ್ಳುತ್ತಿದ್ದೆ.

"ನಿಮಗೆ ಬೇಡ ಅನಿಸಿದ್ರೆ ಬಿಡಿ ಅಕ್ಕ," ಎಂದಳು ಅವಳು ಬಸ್ಸಿನಲ್ಲಿ.

"ಬೇಡ ಯಾಕನ್ನಲಿ. ಆದ್ರೆ ಯಾರಿಗೂ ಹೇಳಬೇಡ, ನಿನ್ನ ಕೈ ಅಂತ."

"ನಾನ್ಯಾಕೆ ಹೇಳಲಿ."

ಮೊದಲ ಅಚ್ಚು ಮುಂದಿನ ಸೋಮವಾರ. ಬೆರಳು ಮೇಷ್ಟ್ರು ಅವಳ ಕೈಯನ್ನು ಸ್ಪಿರಿಟ್ಟಿನಿಂದ ಒರೆಸಿ, ಗುಲಾಬಿ ಬಣ್ಣದ ಮೆತ್ತನೆ ರಬ್ಬರ್ ತುಂಬಿದ ಡಬ್ಬಿಯಲ್ಲಿ ಅದ್ದಿಸಿದ. ಆರು ನಿಮಿಷ. ಗಟ್ಟಿಯಾದ ಮೇಲೆ ಕೈ ಎಳೆದು, ಆ ಪೊಳ್ಳಿಗೆ ಮೇಣ ಸುರಿದು ಬೆರಳು ತೆಗೆದ. ಹೊರಬಂದದ್ದು ಬೊಂಬೆಯ ಬೆರಳು. ಆಕಾರವಿತ್ತು, ಗೆರೆಯಿರಲಿಲ್ಲ. ತುದಿಯಲ್ಲಿ ಸುತ್ತು ಇಲ್ಲ, ಗೆಣ್ಣಿನಲ್ಲಿ ಸುಕ್ಕಿಲ್ಲ, ಅಲ್ಲಲ್ಲಿ ಸಾಸಿವೆಯಷ್ಟು ಗುಳಿ.

"ನನ್ನದೇ ತಪ್ಪು, ಕಲಸೋದ್ರಲ್ಲಿ ಗಾಳಿ ಸೇರಿದೆ," ಎಂದ ಅವನು.

ಗುರುವಾರ ಮತ್ತೆ. ಈ ಸಲ ಇನ್ನೂ ಕೆಟ್ಟದು. ಅವನು ಮೇಣದ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ಆಮೇಲೆ ಅವಳ ಕೈ ಕೇಳಿದ. ಅವಳು ಕೊಡಲಿಲ್ಲ. ಮೆಲ್ಲಗೆ ಅವನೇ ಮಣಿಕಟ್ಟು ಹಿಡಿದು ಅಂಗೈ ಮೇಲೆ ಮಾಡಿದ.

ಅಂಗೈ ಮಿನುಗುತ್ತಿತ್ತು. ನಾವು ನೋಡುತ್ತಿದ್ದಂತೆ ಬೆರಳ ತುದಿಯ ಗೆರೆಗೆರೆಯ ಮೇಲೂ ಸೂಜಿಮೊನೆಯಷ್ಟು ಹನಿ ಎದ್ದು, ಹನಿಗೆ ಹನಿ ಕೂಡಿ, ಒಂದು ತೊಟ್ಟು ಮಣಿಕಟ್ಟಿನ ಕಡೆ ಹರಿಯಿತು. ಹೊರಗೆ ಸೆಕೆಯಿರಲಿಲ್ಲ. ಅವಳ ಹಣೆ ಒಣಗಿಯೇ ಇತ್ತು.

"ಗೆರೆ ಅಳಿಸಿದ್ದು ಈ ಬೆವರೇ. ಯಾವಾಗಿಂದ ಹೀಗೆ?" ಎಂದ ಅವನು.

"ಯಾವಾಗಲೂ," ಎಂದಳು ಚಿಕ್ಕವಳು. "ಹುಟ್ಟಿದಾಗಿಂದ ಇರಬೇಕು."

ಆಗ ನನಗೆ ಏನಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಸಂತೋಷವಾಯಿತು. ಎದೆಯೊಳಗೆ ಯಾರೋ ಕಿಟಕಿ ತೆಗೆದ ಹಾಗೆ. ಮೂವತ್ತೆಂಟು ವರ್ಷ ನನ್ನ ಕಣ್ಣು ಚುಚ್ಚಿದ ಕೈಗೆ ಒಂದು ಕೊರತೆಯಿದೆ. ಅದರ ಹಿಂದೆಯೇ, ಪಾಠ ಒಪ್ಪಿಸಲಾಗದ ಹುಡುಗಿಯಂತೆ, ಪೆಚ್ಚಾದೆ. ಮೈಯ ಬೇರೆಲ್ಲ ಕಡೆಗಿಂತ ಅಂಗೈ ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ದಟ್ಟ, ಅಲ್ಲಿ ಕೂದಲಿಲ್ಲ, ಎಣ್ಣೆಯ ಗ್ರಂಥಿಯಿಲ್ಲ, ಅಲ್ಲಿನ ಬೆವರು ಬಿಸಿಲಿಗಿಂತ ಮನಸ್ಸಿನ ಮಾತು ಕೇಳುತ್ತದೆ ಎಂದು ಮೂವತ್ತೊಂದು ವರ್ಷ ಹಲಗೆಯ ಮೇಲೆ ಬಣ್ಣದ ಚಿತ್ರ ಬರೆದವಳು ನಾನು. ಒಂದೇ ಅಡುಗೆಮನೆಯಲ್ಲಿ ಓಡಾಡಿಕೊಂಡು ಇವಳ ಕೈ ನೋಡಿರಲಿಲ್ಲ. ಅಲ್ಲ, ನೋಡಿದ್ದೇ ಅದೊಂದನ್ನು. ಮೇಲುಗಡೆಯನ್ನು ಮಾತ್ರ ನೋಡಿದ್ದೆ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಅವಳು ಮಾತಾಡಿದಳು. ನನ್ನ ಮುಖ ನೋಡಲಿಲ್ಲ.

"ನಾನು ಕಾಲೇಜು ಯಾಕೆ ಬಿಟ್ಟೆ ಅಂತ ನಿಮಗೆ ಗೊತ್ತಾ ಅಕ್ಕ?"

"ಓದು ಹತ್ತಲಿಲ್ಲ ಅಂತ ಅತ್ತೆ ಹೇಳ್ತಿದ್ರು."

"ಓದು ಹತ್ತಿತ್ತು. ಪರೀಕ್ಷೆಲಿ ಕೂತ್ರೆ ಕಾಗದ ನೆನೆದುಹೋಗ್ತಿತ್ತು. ಶಾಯಿ ಹರಡಿ, ಬರೆದದ್ದು ನನಗೇ ಕಾಣ್ತಿರಲಿಲ್ಲ. ಕೈ ಕೆಳಗೆ ಬಟ್ಟೆ ಇಟ್ಕೊಂಡೆ, ಕಾಪಿ ಚೀಟಿ ಇದೆ ಅಂತ ಎಬ್ಬಿಸಿದ್ರು. ಬಟ್ಟೆ ಬಿಡಿಸಿ ತೋರಿಸು ಅಂದ್ರು ಎಲ್ಲರ ಮುಂದೆ. ಬರೀ ಬೆವರು. ಮಾರನೇ ದಿನ ನಾನು ಹೋಗಲಿಲ್ಲ."

ಅವಳು ಜೇಬಿನಿಂದ ಕರವಸ್ತ್ರ ತೆಗೆದು ಅಂಗೈ ಒರೆಸಿಕೊಂಡಳು.

"ಮದುವೆಯಾಗಿ ಬಂದ ಮೇಲೆ ನಿಮ್ಮ ಚೀಲದಿಂದ ಸೀಮೆಸುಣ್ಣ ಕದೀತಿದ್ದೆ. ಯಾರಾದ್ರೂ ಬರ್ತಾರೆ ಅಂದ್ರೆ ಕೈಗೆ ಉಜ್ಜಿಕೊಳ್ಳೋದು. ನೀವು ಮಕ್ಕಳಿಗೆ ಬೈತಿದ್ರಿ."

"ಬಣ್ಣದ್ದೂ ಹೋಗ್ತಿತ್ತಲ್ಲ?"

"ಒಂದ್ಸಲ ಅವಸರದಲ್ಲಿ ನೀಲಿ ತಗೊಂಡುಬಿಟ್ಟೆ," ಎಂದಳು. "ನಿಮ್ಮ ಮೈದುನ ನೋಡಿ ವಿಷ ಏರಿದೆ ಅಂತ ಹೆದರಿಕೊಂಡ್ರು."

ನನಗೆ ನಗು ಬಂತು, ಅವಳಿಗೂ ಬಂತು. ಆದರೆ ನಗು ಮುಗಿದ ಮೇಲೆ ಅವಳು ಎದ್ದು ನಿಂತು, "ಇನ್ನೊಂದ್ಸಲ ಬಾ ಅನ್ನಬೇಡಿ ಅಕ್ಕ. ಆ ಮನುಷ್ಯ ನನ್ನ ಕೈ ತಿರುಗಿಸಿದಾಗ ಆ ಪರೀಕ್ಷೆ ಕೋಣೆಲಿ ನಿಂತ ಹಾಗೇ ಆಯ್ತು. ಬೇರೆ ಯಾರನ್ನಾದ್ರೂ ನೋಡಿ," ಎಂದಳು.

ಬೇರೆ ಯಾರೂ ಇರಲಿಲ್ಲ. ಬೆರಳು ಮೇಷ್ಟ್ರ ಬಳಿ ಸಿದ್ಧ ಬೆರಳುಗಳಿದ್ದವು. ಅವನೇ ಡಬ್ಬಿ ತೆಗೆದು ತೋರಿಸಿದ್ದ. ತೋರಿಸುತ್ತ ತಾನೇ ಮುಖ ಹುಳ್ಳಗೆ ಮಾಡಿದ್ದ. ಎಲ್ಲ ಒಂದೇ ಅಚ್ಚಿನ, ಇಪ್ಪತ್ತರ ಹರೆಯದ, ಯಾರದೂ ಅಲ್ಲದ ಬೆರಳು. ಅವನ್ನು ಹಾಕಿಕೊಂಡು ಹೋದರೆ ಮುಂದಿನ ಬೆಂಚಿನವರೇಕೆ, ಹಿಂದಿನ ಬೆಂಚಿನವರಿಗೂ ತಿಳಿಯುತ್ತಿತ್ತು.

ನನಗೆ ಒಂದು ಸಂಗತಿ ಗೊತ್ತಿತ್ತು. ಬೆಂಚಿನ ಮೇಲೆ ಕೂತಾಗಲೇ ನೆನಪಾಗಿತ್ತು. ಅಂಗೈಯ ಬೆವರು ಎಚ್ಚರದ ಬೆವರು. ಮನಸ್ಸು ಮಲಗಿದರೆ ಅದೂ ಮಲಗುತ್ತದೆ. ಗಾಢ ನಿದ್ದೆಯಲ್ಲಿ ಇಂಥವರ ಕೈ ಎಲ್ಲರ ಕೈಯಂತೆ ಒಣಗಿರುತ್ತದೆ. ಹೇಳಿದ್ದರೆ ಅಲ್ಲಿಯೇ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳದಿದ್ದರೆ ಅವಳ ಬೆರಳು ಹಾಕಿಕೊಳ್ಳುವ ಸಂಕಟ ತಪ್ಪುತ್ತದೆ ಎಂದು ಒಂದು ಮನಸ್ಸು; ಹೇಳದಿದ್ದರೆ ಶಾಲೆ ತಪ್ಪುತ್ತದೆ ಎಂದು ಇನ್ನೊಂದು. ನಾಲ್ಕು ದಿನ ಹೀಗೆಯೇ ಕಳೆಯಿತು. ಚರ್ಮದಲ್ಲಿ ಯಾವ ಗ್ರಂಥಿ ಏನು ಸುರಿಸುತ್ತದೆಂದು ಪುಸ್ತಕದಲ್ಲಿ ಬರೆದಿದೆ. ಹೊಟ್ಟೆಕಿಚ್ಚು ಎಲ್ಲಿಂದ ಸುರಿಯುತ್ತದೆಂದು ಬರೆದಿಲ್ಲ.

ಐದನೆಯ ದಿನ ಮಧ್ಯಾಹ್ನ ಅವಳ ಪಾತ್ರೆ ಕೊಡಲು ಮೇಲೆ ಹೋದೆ. ಬಾಗಿಲು ತೆರೆದಿತ್ತು. ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ತೊಡೆಯ ಮೇಲೆ ನನ್ನ ಬೂದು ಸ್ವೆಟರ್. ಅದರ ಎಡತೋಳಿನ ತುದಿಯನ್ನು ಬಿಚ್ಚಿ, ನನ್ನ ಮೊಂಡು ಬೆರಳು ಕಾಣದಂತೆ ಎರಡು ಅಂಗುಲ ಉದ್ದ ಹೆಣೆಯುತ್ತಿದ್ದಳು. ಕಡ್ಡಿಗಳು ಅರ್ಧದಲ್ಲಿ ನಿಂತಿದ್ದವು. ಎಡಗೈ ಅಂಗೈ ಮೇಲಾಗಿ ಕುರ್ಚಿಯ ತೋಳಿನ ಮೇಲಿತ್ತು.

ನಾನು ಪಾತ್ರೆ ಇಟ್ಟು ಬಗ್ಗಿ ನೋಡಿದೆ. ಒಂದು ಬೆರಳಿಟ್ಟು ಮುಟ್ಟಿದೆ. ಕಾಗದದಷ್ಟು ಒಣ. ಇಷ್ಟು ವರ್ಷದಲ್ಲಿ ಆ ಕೈಯನ್ನು ನಾನು ಮುಟ್ಟಿದ್ದು ಅದೇ ಮೊದಲು.

ಅದು ಅರವತ್ತರ ಕೈ. ತೋರುಬೆರಳ ಬದಿಯಲ್ಲಿ ಚಾಕುವಿನ ಹಳೆಯ ಗುರುತು. ಕಾದ ಪಾತ್ರೆ ತಾಗಿದ ಕಂದು ಗೆರೆ ಮೂರು ನಾಲ್ಕು. ಉಗುರುಗಳ ಮೇಲೆ ಉದ್ದುದ್ದ ಸಾಲು, ಉಗುರಿನ ಬೇರು ಮುದಿಯಾದಾಗ ಬರುವಂಥದ್ದು. ಬುಡದ ಬಿಳಿಯ ಅರ್ಧಚಂದ್ರ ಹೆಬ್ಬೆರಳಲ್ಲಿ ಬಿಟ್ಟು ಉಳಿದೆಲ್ಲದರಲ್ಲಿ ಮುಳುಗಿತ್ತು. ಗಡಿಯಾರದಂಗಡಿಯ ಗಾಜಿನ ಹಿಂದಿನ ಆ ಕೈ ಎಂದೋ ಹೋಗಿಬಿಟ್ಟಿತ್ತು. ನಾನು ಮಾತ್ರ ಅದರ ಮೇಲೆಯೇ ಹಲ್ಲು ಕಡಿಯುತ್ತ ಬಂದಿದ್ದೆ. ಅತ್ತೆಯ ಹಣೆಯನ್ನು ತಣ್ಣಗೆ ಮಾಡಿದ್ದು ಯಾವ ಬೆಣ್ಣೆಯೂ ಅಲ್ಲ, ಆರುವ ಬೆವರು. ಬಿಸಿಯನ್ನು ಹೊತ್ತು ಹೋಗುವುದು ಬೆವರಿನ ಕೆಲಸ. ಮೂರು ಅಂಕದ ಪ್ರಶ್ನೆ ಅದು. ಅತ್ತೆ ಸಾಯುತ್ತಿದ್ದಾರೆಂದು ಅವಳು ಅಷ್ಟು ಹೆದರಿದ್ದಳು, ಅಷ್ಟೆ.

ಅವಳು ಕಣ್ಣು ಬಿಟ್ಟಳು. "ಏನಕ್ಕ?"

"ನೀನು ಮಲಗಿದ್ರೆ ನಿನ್ನ ಕೈ ಒಣಗಿರುತ್ತೆ," ಎಂದೆ. "ನನಗೆ ನಾಲ್ಕು ದಿನದ ಹಿಂದೆಯೇ ಗೊತ್ತಿತ್ತು. ಹೇಳಲಿಲ್ಲ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. "ಅಲ್ಲಿ ಹೋಗಿ ಮಲಗಬೇಕಾ ಹಾಗಾದ್ರೆ?" ಎಂದಳು. "ಅಷ್ಟೊಂದು ಕಿವಿ ಮೂಗಿನ ಮಧ್ಯೆ?"

ಬೆರಳು ಮೇಷ್ಟ್ರಿಗೆ ಹೇಳಿದಾಗ ಅವನು, "ಇಪ್ಪತ್ತಾರು ವರ್ಷದಲ್ಲಿ ಇದು ನನಗೆ ಹೊಳೆದಿರಲಿಲ್ಲ," ಎಂದ. ಪಕ್ಕದ ವಿಭಾಗದಿಂದ ಒರಗುವ ಕುರ್ಚಿ ತಂದ. ದಿಂಬಿಗೆ ಮನೆಯಿಂದ ಒಗೆದ ಹೊದಿಕೆ ತಂದಿದ್ದ. ಅಚ್ಚಿನ ರಬ್ಬರ್ ತಣ್ಣಗಿದ್ದರೆ ಎಚ್ಚರವಾದೀತೆಂದು, ಬೆರೆಸಿದರೆ ಗಟ್ಟಿಯಾಗುವ ಅದರ ಎರಡೂ ಡಬ್ಬಿಗಳನ್ನು ಬಿಸಿನೀರಿನಲ್ಲಿಟ್ಟು ಮೈಬಿಸಿಗೆ ತಂದ. ಬಾಗಿಲಿಗೆ ಚಿಲಕ ಹಾಕಿ, ಕಿಟಕಿಯ ಪರದೆ ಎಳೆದ.

ಚಿಕ್ಕವಳು ಒರಗಿ ಕಣ್ಣು ಮುಚ್ಚಿದಳು. ಎಡಗೈ ಕುರ್ಚಿಯಿಂದ ಕೆಳಗೆ ಜೋತಿತ್ತು. ಐದು ನಿಮಿಷಕ್ಕೆ ಒಂದು ಕಣ್ಣು ಬಿಟ್ಟಳು.

"ನಿದ್ದೆ ಬರ್ತಿಲ್ಲ. ಇಬ್ಬರೂ ನೋಡ್ತಾ ನಿಂತ್ರೆ ಹೆಣಕ್ಕೂ ಬರಲ್ಲ."

ಮೇಷ್ಟ್ರು ಗೋಡೆ ಕಡೆ ತಿರುಗಿ ನಿಂತ. ಇನ್ನೈದು ನಿಮಿಷ. ಬೆರಳ ತುದಿಯಲ್ಲಿ ಹನಿ ಮೂಡಿತ್ತು.

"ಅಕ್ಕ, ಪಾಠ ಮಾಡಿ," ಎಂದಳು.

"ಏನು ಪಾಠ?"

"ಯಾವುದಾದ್ರೂ. ನಿಮ್ಮ ಪಾಠಕ್ಕೆ ಎಷ್ಟು ಹುಡುಗೀರು ಮಲಗಿರಬೇಕು, ನಾನೊಬ್ಬಳು ಮಲಗಲ್ವಾ?"

ಗೋಡೆ ಕಡೆ ತಿರುಗಿದ್ದ ಬೆನ್ನು ಅಲುಗಿತು. ಅವನು ನಗುತ್ತಿದ್ದ. ನನಗೆ ಸಿಟ್ಟು ಬಂತು, ಆದರೂ ಸ್ಟೂಲು ಎಳೆದು ಅವಳ ತಲೆಯ ಹಿಂದೆ ಕೂತೆ. ಒಂದು ವರ್ಷದ ಮೇಲೆ ಪಾಠ ಶುರುಮಾಡಿದೆ, ಹಲಗೆಯಿಲ್ಲದೆ.

"ಚರ್ಮಕ್ಕೆ ಮುಖ್ಯವಾಗಿ ಎರಡು ಪದರ," ಎಂದೆ. "ಮೇಲಿನದು ಹೊರಚರ್ಮ. ಅದರಲ್ಲಿ ರಕ್ತನಾಳವಿಲ್ಲ. ಅದರ ಎಲ್ಲಕ್ಕಿಂತ ಮೇಲಿನ ಜೀವಕೋಶಗಳೆಲ್ಲ ಸತ್ತವು. ನಾವು ಒಬ್ಬರನ್ನೊಬ್ಬರು ನೋಡುವಾಗ ನೋಡೋದು ಸತ್ತದ್ದನ್ನೇ. ಅಡಿಯಲ್ಲಿ ಹೊಸದು ಹುಟ್ಟಿ, ಮೇಲೆ ಬಂದು, ಸತ್ತು, ಉದುರುತ್ತೆ. ಸುಮಾರು ಒಂದು ತಿಂಗಳ ಪ್ರಯಾಣ. ಬಣ್ಣ ಇರೋದು ಅಡಿಯ ಸಾಲಿನಲ್ಲಿ..."

ನನ್ನ ಬಲಗೈ ತಾನಾಗಿ ಅವಳ ತಲೆಯ ಮೇಲೆ ಹೋಗಿತ್ತು. ಬೈತಲೆ ಅಗಲವಾಗಿತ್ತು. ಹಚ್ಚಿದ ಕಪ್ಪಿನ ಕೆಳಗೆ ಅರ್ಧ ಅಂಗುಲ ಬಿಳಿ.

"ಅದರ ಕೆಳಗೆ ಒಳಚರ್ಮ. ರಕ್ತನಾಳ, ನರ, ಬೆವರಿನ ಗ್ರಂಥಿ ಎಲ್ಲ ಅಲ್ಲಿ. ಬೆವರಿನ ಗ್ರಂಥಿ ಅಂದ್ರೆ ಸುರುಳಿ ಸುತ್ತಿದ ಒಂದು ಕೊಳವೆ. ಕೂದಲು ಓರೆಯಾಗಿ ನಿಂತಿರುತ್ತೆ. ಪ್ರತಿ ಕೂದಲ ಪಕ್ಕ ಒಂದು ಎಣ್ಣೆಯ ಗ್ರಂಥಿ, ಬುಡಕ್ಕೆ ಅಂಟಿದ ಹಾಗೆ ಒಂದು ಸಣ್ಣ ಸ್ನಾಯು. ಚಳಿಯಾದ್ರೆ, ಹೆದರಿದ್ರೆ ಆ ಸ್ನಾಯು ಎಳೆದು ಕೂದಲು ನೆಟ್ಟಗಾಗುತ್ತೆ. ಅದಕ್ಕೇ ರೋಮಾಂಚನ ಅಂತಾರೆ..."

ರೋಮಾಂಚನದ ಹೊತ್ತಿಗೆ ಅವಳು ಗೊರಕೆ ಹೊಡೆಯುತ್ತಿದ್ದಳು.

ಮೂವತ್ತೊಂದು ವರ್ಷ ಮಕ್ಕಳು ಕಣ್ಣರಳಿಸುತ್ತಿದ್ದ ಜಾಗ ಅದು. ನನಗೆ ಮೊದಲು ಅವಮಾನವಾಯಿತು. ಆಮೇಲೆ, ಹತ್ತು ನಿಮಿಷದಲ್ಲಿ ಹೀಗೆ ಮಗುವಿನಂತೆ ಮಲಗಿಬಿಡುವ ಅವಳ ನಿದ್ದೆಯ ಮೇಲೂ ಹೊಟ್ಟೆ ಉರಿಯಿತು. ನಮ್ಮವರು ಹೋದ ಮೇಲೆ ನಾನು ಒಂದು ರಾತ್ರಿಯೂ ಹಾಗೆ ಮಲಗಿಲ್ಲ.

ಮೇಷ್ಟ್ರು ತೆಳ್ಳನೆಯ ಕಾಗದದ ಚೂರನ್ನು ಅವಳ ಬೆರಳಿಗೆ ತಾಗಿಸಿ ನೋಡಿದ. ಅಂಟಲಿಲ್ಲ. ಎರಡೂ ಡಬ್ಬಿಗಳದ್ದನ್ನು ಬೆರೆಸಿದ ರಬ್ಬರನ್ನು ಕೆಳಗಿನಿಂದ ಮೆಲ್ಲಗೆ ಏರಿಸಿ ಅವಳ ಬೆರಳುಗಳನ್ನು ಮುಳುಗಿಸಿದ. ನಾನು ಪಾಠ ನಿಲ್ಲಿಸಲು ಹೋದೆ. ನಿಲ್ಲಿಸಬೇಡಿ ಎಂದು ಸನ್ನೆ ಮಾಡಿದ. ಹಾಗಾಗಿ ಉಗುರಿನ ಪಾಠವನ್ನೂ ಮಾಡಿದೆ. ಉಗುರು ಸತ್ತದ್ದು, ಚರ್ಮದೊಳಗಿನ ಅದರ ಬೇರು ಬದುಕಿದ್ದು, ತಿಂಗಳಿಗೆ ಮೂರು ಮಿಲಿಮೀಟರಿನಷ್ಟು ಮುಂದೆ ತಳ್ಳುತ್ತದೆ. ಆರು ನಿಮಿಷ ಕೇಳಿದ್ದು ಅವನೊಬ್ಬನೇ.

ಅವಳಿಗೆ ಎಚ್ಚರವಾದದ್ದು ಅವನು ಮೇಣದ ಬೆರಳು ತೆಗೆದು ಕಿಟಕಿಯ ಪರದೆ ಸರಿಸಿದಾಗ. ಗೆರೆಗಳೆಲ್ಲ ಬಂದಿದ್ದವು. ಸುತ್ತುಗಳು, ಗೆಣ್ಣಿನ ಸುಕ್ಕು, ಚಾಕುವಿನ ಗುರುತು, ಗೆರೆಗಳ ನೆತ್ತಿಯ ಮೇಲೆ ಸಾಲಾಗಿ ಬೆವರಿನ ರಂಧ್ರಗಳು ಕೂಡ.

"ಆ ಚಾಕು ಗುರುತು ತೆಗೆದುಬಿಡ್ತೀನಿ," ಎಂದ.

"ಇರಲಿ," ಎಂದೆ ನಾನು.

ಬಣ್ಣಕ್ಕೆ ಮೂರು ಮಧ್ಯಾಹ್ನ ಹಿಡಿಯಿತು. ಅವನು ಬಣ್ಣವನ್ನು ಹೊರಗಿನಿಂದ ಬಳಿಯುವುದಿಲ್ಲ, ಒಳಗಿನಿಂದ ತುಂಬುತ್ತಾನೆ: ಮೊದಲು ಕಂದಿನ ತೆಳುಪೊರೆ, ಅದರ ಹಿಂದೆ ಹಳದಿ, ಅದರ ಹಿಂದೆ ರಕ್ತನಾಳಕ್ಕೆಂದು ಕೆಂಪು ನೂಲಿನ ಎಳೆಗಳು. ಬಣ್ಣ ನನ್ನದು, ಆಕಾರ ಅವಳದು. ಉಗುರಿಗೆ ಸಾಲು ಕೊರೆದು ಅಂಟಿಸಿದ. ಮೊಂಡಿನ ಮೇಲೆ ಏರಿಸಿ, ಸೇರುವಲ್ಲಿ ಬೆರಳುಂಗುರದಂತೆ ತೆಳುವಾಗಿ ಒತ್ತಿದ. ನಾನು ಪುಸ್ತಕ ಹಿಡಿದು ನೋಡಿದೆ. ಅದು ನಿಂತಿತು.

ಶಾಲೆಗೆ ಹೋದ ದಿನ ಚಿಕ್ಕವಳೂ ಬಂದಳು, ಚೀಲ ಹಿಡಿಯುವ ನೆಪದಲ್ಲಿ. ಹಿಂದಿನ ಬೆಂಚಿನ ಕೊನೆಯಲ್ಲಿ ಕೂತಳು, ಮಲಗಲಿಲ್ಲ. ಮಕ್ಕಳು ಹಲಗೆ ನೋಡಿದರು. ಗಂಟೆ ಹೊಡೆದ ಮೇಲೆ ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ಸಿಕ್ಕಿ, ನನ್ನ ಎಡಗೈಯನ್ನು ತಿರುಗಿಸಿ ನೋಡಿ, "ಎಷ್ಟು ಚೆಂದ ಇದೆ ನಿಮ್ಮ ಬೆರಳು. ನಿಮ್ಮ ನಿಜವಾದ ಬೆರಳೂ ಇಷ್ಟು ನೀಳ ಇತ್ತು ಅಂತ ನಾನು ಗಮನಿಸಿರಲೇ ಇಲ್ಲ," ಎಂದರು.

ನಿಜ ಹೇಳಬಹುದಿತ್ತು. ಆ ಬೆರಳಿನವಳು ಪಕ್ಕದಲ್ಲೇ ನಿಂತಿದ್ದಳು. ಅವಳು ಗೋಡೆಯ ಭೂಪಟ ನೋಡತೊಡಗಿದಳು. ನಾನು, "ಥ್ಯಾಂಕ್ಸ್," ಎಂದೆ.

ಗೇಟು ದಾಟಿ ಸ್ವಲ್ಪ ದೂರ ಬಂದ ಮೇಲೆ ಚಿಕ್ಕವಳು, "ನನಗೆ ಬರಬೇಕಾದ ಹೊಗಳಿಕೆ ನೀವು ಇಟ್ಕೊಂಡ್ರಿ," ಎಂದಳು.

"ಮೂವತ್ತೆಂಟು ವರ್ಷ ನೀನೇ ಇಟ್ಕೊಂಡಿದ್ದೆಯಲ್ಲ."

"ಅದೂ ಸರಿ." ಸ್ವಲ್ಪ ನಡೆದು, "ಇನ್ನೂ ಉರೀತಿದೆಯಾ ಅಕ್ಕ?" ಎಂದಳು.

ಅವಳಿಗೆ ಗೊತ್ತಿತ್ತು. ಎಷ್ಟು ವರ್ಷದಿಂದಲೋ. "ಸ್ವಲ್ಪ," ಎಂದೆ.

"ಇರಲಿ ಬಿಡಿ. ನನ್ನ ಮೇಲೆ ಇನ್ಯಾರು ಉರ್ಕೋತಾರೆ ಈ ವಯಸ್ಸಲ್ಲಿ."

ದೊಡ್ಡ ರಸ್ತೆ ದಾಟುವಾಗ ಅವಳು ನನ್ನ ಎಡಗೈ ಹಿಡಿದಳು, ಆ ಮೂರು ಬೆರಳುಗಳನ್ನೇ. ರಸ್ತೆ ದಾಟಿದ ಮೇಲೂ ಬಿಡಲಿಲ್ಲ. ಮಾತಾಡುತ್ತ, ಕೈ ಬೀಸುತ್ತ ನಡೆದಳು. ಯಾರ ಕೈಯನ್ನೂ ಅವಳು ಹಾಗೆ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಗಂಡನ ಕೈಯನ್ನು ಕೂಡ. ಒದ್ದೆ ಕೈ ತಾಗಿದರೂ ರಬ್ಬರ್ ಮುಖ ಸಿಂಡರಿಸುವುದಿಲ್ಲವಲ್ಲ. ಅದರ ಮೇಲೆ ಅವಳ ಬೆವರು ಮಿನುಗುವುದನ್ನು ನಾನು ಕಣ್ಣಿನಿಂದ ನೋಡಿದೆ. ಅವಳ ಸ್ಪರ್ಶ ನನಗೆ ಏನೂ ತಿಳಿಯುತ್ತಿರಲಿಲ್ಲ. ನರವಿಲ್ಲದ, ಬೇರಿಲ್ಲದ ಆ ಮೂರು ಬೆರಳುಗಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಬಸ್ ನಿಲ್ದಾಣಕ್ಕೆ ಇನ್ನೂ ನೂರು ಹೆಜ್ಜೆಯಿತ್ತು. ನಾನು ನಿಂತು, ಅವಳ ಆಚೆ ಬದಿಗೆ ಬಂದು, ಬಲಗೈ ಚಾಚಿದೆ.

"ಅದು ಬೇಡ ಅಕ್ಕ, ಒದ್ದೆಯಾಗುತ್ತೆ."

"ಆಗಲಿ," ಎಂದೆ. "ಕೊಡು."